ಒಂಬತ್ತು ವಾರದ ಸ್ಕಿಡ್ ಲೆಕ್ಕ

“ಮೊದಲು ಚಹಾ ಇಳಿಸಪ್ಪ ವೀರಭದ್ರಪ್ಪ. ದೇಶದ ಎಕಾನಮಿ ಆಮೇಲೆ ನೋಡೋಣ.”

ಶ್ರೀಕಂಠ ಈ ಮಾತು ಆಡಿ ವರ್ಷದ ಮೇಲಾಯಿತು. ಅವತ್ತು ಆ ರೂಮಿನಲ್ಲಿ ವೀರಭದ್ರಪ್ಪನನ್ನು ಬಿಟ್ಟು ಹದಿನಾರು ಜನ ಇದ್ದರು. ನಕ್ಕವರು ಹದಿನೈದು. ಆ ನಗುವನ್ನು ವೀರಭದ್ರಪ್ಪ ಇವತ್ತಿಗೂ ಮರೆತಿಲ್ಲ. ಆಮೇಲೆ ನಡೆದದ್ದರಲ್ಲಿ ತಪ್ಪು ಯಾರದು ಅಂತ ಅವನಿಗೆ ಚೆನ್ನಾಗಿ ಗೊತ್ತು. ಅದು ಶ್ರೀಕಂಠನದಲ್ಲ ಅನ್ನುವುದೂ ಗೊತ್ತು. ಆದರೂ ಆ ನಗು ನೆನಪಾದರೆ ಸುತ್ತಿಗೆ ಹಿಡಿದ ಕೈ ಬಿಗಿಯುತ್ತದೆ. ಚಹಾ ಹೊತ್ತು ತಂದವನ ಬಾಯಲ್ಲಿ ದೇಶದ ಮಾತು ಬರಬಾರದು ಅಂತ ಯಾವ ಕಾನೂನಿದೆ ಸ್ವಾಮಿ?

ನಗದೆ ಉಳಿದ ಒಬ್ಬರು ವಿಶ್ವೇಶ್ವರ ಅವರು. ವೀರಭದ್ರಪ್ಪನ ನಾಚಿಕೆಯ ಕಥೆ ಇರುವುದು ಅವರ ವಿಷಯದಲ್ಲಿ.

ವೀರಭದ್ರಪ್ಪ ರಾಣೆಬೆನ್ನೂರಿನ ಮರದ ಅಡ್ಡೆಯಲ್ಲಿ ಬೆಳೆದವನು. ಏಳನೇ ಇಯತ್ತೆಗೆ ಪಾಟಿಚೀಲ ಮೂಲೆಗೆ ಎಸೆದ. ಹೆಂಡತಿ ರಾಜೇಶ್ವರಿ ನರ್ಸು. ಪರದೇಶದಲ್ಲಿ, ಒಂಟಾರಿಯೋದ ಒಶಾವಾ ಊರಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಕ್ಕಿ ಮೊದಲು ಬಂದವಳು ಅವಳು. ಇವನು ಅವಳ ವೀಸಾದ ಹಿಂದೆ ಬಂದವನು. ಒಶಾವಾದಿಂದ ಒಂದೂರು ಆಚೆ, ಹೆದ್ದಾರಿ ಪಕ್ಕದಲ್ಲಿ, ಮುರಿದ ಸ್ಕಿಡ್ ರಿಪೇರಿ ಮಾಡುವ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಸ್ಕಿಡ್ ಅಂದರೆ ಸರಕಿನ ಕೆಳಗೆ ಇಡುವ ಮರದ ಮಣೆ. ಬಿಸ್ಕತ್ತಿನ ಡಬ್ಬ ಇರಲಿ, ಕಾರಿನ ಬಿಡಿಭಾಗ ಇರಲಿ, ಲಾರಿ ಹತ್ತುವ ಮೊದಲು ಅದರ ಮೇಲೆ ಕೂರಲೇಬೇಕು. ಮುರಿದದ್ದು ಯಾರ್ಡಿಗೆ ಬರುತ್ತದೆ, ಗಟ್ಟಿಯಾದದ್ದು ಹೊರಗೆ ಹೋಗುತ್ತದೆ. ದಿನಾ ಸಂಜೆ ಗೇಟಿನ ಬೋರ್ಡಿನಲ್ಲಿ ಅವತ್ತು ಎಷ್ಟು ಹೊರಗೆ ಹೋಯಿತು ಅಂತ ಬರೆಯುತ್ತಾರೆ, ಬೆಳಿಗ್ಗೆ ಒರೆಸುತ್ತಾರೆ. ಒರೆಸುವ ಮುಂಚೆ ವೀರಭದ್ರಪ್ಪ ಅದನ್ನು ತನ್ನ ನೀಲಿ ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದ. ಯಾಕೆ ಅಂದರೆ ಅವನಿಗೆ ಅದೊಂದು ಚಟ. ಅಡ್ಡೆಯಲ್ಲಿ ಅವರಪ್ಪನೂ ಹಾಗೇ ಗೋಡೆಗೆ ಗೀರು ಎಳೆಯುತ್ತಿದ್ದ.

ಶನಿವಾರ ಮಾತ್ರ ಬೇರೆ ಕೆಲಸ. ಅರೋರಾ ಅನ್ನುವ ಊರಿನ ಲೈಬ್ರರಿ ರೂಮಿನಲ್ಲಿ, ಹಳೇ ಕಾಲದಲ್ಲೇ ಈ ದೇಶಕ್ಕೆ ಬಂದ ಡಾಕ್ಟರು, ಇಂಜಿನಿಯರು, ಮೇಷ್ಟ್ರುಗಳ ಕನ್ನಡ ಕೂಟ. ಎಲ್ಲರೂ ರಿಟೈರಾದವರು, ಚಳಿಗಾಲದಲ್ಲಿ ಕಾರು ಓಡಿಸಲು ಹೆದರುವವರು. ವೀರಭದ್ರಪ್ಪ ತನ್ನ ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವರಲ್ಲಿ ಕೆಲವರನ್ನು ಹತ್ತಿಸಿಕೊಂಡು, ಚಹಾದ ಡಬರಿ ಇಟ್ಟುಕೊಂಡು ಹೋಗುತ್ತಿದ್ದ. ಯಾರೂ ಕೇಳಿಕೊಂಡಿರಲಿಲ್ಲ. ಅವನಿಗೆ ಕನ್ನಡ ಕಿವಿಗೆ ಬೀಳಬೇಕಿತ್ತು, ಅಷ್ಟೇ.

ವಿಶ್ವೇಶ್ವರ ಅವರು ಮೈಸೂರಿನವರು. ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರ ಹೇಳಿ ಮುಗಿಸಿದವರು, ವಯಸ್ಸು ಎಪ್ಪತ್ತೆಂಟು. ಅವರು ಕೂಟಕ್ಕೊಂದು ಆಟ ಹುಡುಕಿಕೊಟ್ಟಿದ್ದರು. ಈ ದೇಶದ ವ್ಯವಹಾರ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಹೇಳಲು ಐದೇ ಐದು ಸೂಚಕ ಆರಿಸಬೇಕು. ಆರಿಸಿದ್ದನ್ನು ಮಾರ್ಚಿ ತಿಂಗಳ ವಾರ್ಷಿಕ ಸಭೆಯಲ್ಲಿ ಅವರು ಎಲ್ಲರ ಮುಂದೆ ಹೇಳುತ್ತಾರೆ.

“ಮೂರು ಜಾತಿ ಇದೆ ಕಣ್ರಪ್ಪಾ,” ಅಂತ ಅವರು ಶುರು ಮಾಡಿದ್ದರು. “ಮದುವೆ ಮನೇಲಿ ಮೊದಲು ಒಲೆ ಹೊಗೆ ಕಾಣುತ್ತೆ, ಆಮೇಲೆ ಜನ ಕಾಣ್ತಾರೆ, ಕೊನೇಗೆ ಎಂಜಲೆಲೆ. ಕೆಲವು ಸೂಚಕ ಹೊಗೆ ಥರ, ಮುಂಚೆ ಹೇಳುತ್ತೆ. ಕೆಲವು ಜನದ ಥರ, ಜೊತೆಗೇ ಬರುತ್ತೆ. ನಿರುದ್ಯೋಗದ ಲೆಕ್ಕ ಎಂಜಲೆಲೆ. ಎಲ್ಲ ಮುಗಿದ ಮೇಲೂ ಬಿದ್ದಿರುತ್ತೆ.”

ನಾಲ್ಕು ಸುಲಭವಾಗಿ ಆಯಿತು. ಮನೆ ಕಟ್ಟುವ ಪರವಾನಗಿ, ಕಾರ್ಖಾನೆಯಲ್ಲಿ ವಾರಕ್ಕೆ ದುಡಿದ ಗಂಟೆ, ಕೆಲಸದಲ್ಲಿರುವ ಜನ, ಅಂಗಡಿಗಳ ಮಾರಾಟ. ಐದನೆಯದಕ್ಕೆ ಜಗಳ. ಸ್ಟೌಫ್‌ವಿಲ್‌ನ ಶ್ರೀಕಂಠ ರಿಟೈರಾದ ಇಂಜಿನಿಯರು, ಮಾತಿನ ಮಲ್ಲ. ತನ್ನೂರಿನ ಟ್ರೈನ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಬೆಳಿಗ್ಗೆ ಎಷ್ಟು ಕಾರು ನಿಂತಿರುತ್ತದೆ ಅನ್ನುವುದೇ ಸೂಚಕ ಅಂದ. ವಿಶ್ವೇಶ್ವರ ಒಪ್ಪಲಿಲ್ಲ.

“ಜನ ಮನೆಯಿಂದಲೇ ಕೆಲಸ ಮಾಡೋಕೆ ಶುರು ಮಾಡಿದ ಮೇಲೆ ಆ ಖಾಲಿ ಪಾರ್ಕಿಂಗಿನ ಅರ್ಥವೇ ಬೇರೆಯಾಯ್ತಲ್ಲ ಶ್ರೀಕಂಠ. ನಿನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳೋ ಸೂಚಕ ನನಗೆ ಬೇಡ.”

ಆಗ ಹಿಂದಿನಿಂದ ವೀರಭದ್ರಪ್ಪ, ಡಬರಿ ಕೈಯಲ್ಲೇ ಇತ್ತು, ಬಾಯಿ ಹಾಕಿದ. “ಸರ, ನಮ್ಮ ಯಾರ್ಡಿನ್ಯಾಗ ಸ್ಕಿಡ್ ಲೆಕ್ಕ ಐತ್ರಿ. ಅದು ಬಿತ್ತಂದ್ರ ನಾಲ್ಕೈದು ತಿಂಗಳಿಗೆ ಗೋಡೌನ್ಯಾಗ ಶಿಫ್ಟ್ ಕಡಿತಾರ. ನಾ ನೋಡೇನ್ರಿ.”

ಶ್ರೀಕಂಠ ಚಹಾದ ಮಾತಾಡಿದ್ದು ಅದಕ್ಕೆ. ಹದಿನೈದು ಜನ ನಕ್ಕಿದ್ದೂ ಅದಕ್ಕೆ. ವೀರಭದ್ರಪ್ಪ ಡಬರಿಯನ್ನು ಮೇಜಿನ ಮೇಲೆ ಎಂಥ ರಭಸದಲ್ಲಿ ಕುಕ್ಕಿದ ಅಂದರೆ ಮುಚ್ಚಳ ಹಾರಿ ಯಾರದೋ ಮಡಿಲಿಗೆ ಬಿತ್ತು.

“ಲೆಕ್ಕ ಬರೆದಿಟ್ಟಿದ್ದೀಯೇನಪ್ಪ?” ಅಂತ ವಿಶ್ವೇಶ್ವರ ಕೇಳಿದರು.

“ಎಂಟು ವರ್ಷದ್ದು ಐತ್ರಿ. ದಿನಾ.”

“ಒಂದು ದಿನವೂ ಬಿಡದೆ?” ಅಂತ ಶ್ರೀಕಂಠ ಹುಬ್ಬು ಎತ್ತಿದ. “ಮಧ್ಯೆ ಗ್ಯಾಪು ಇದ್ದರೆ ಏನೂ ಪ್ರಯೋಜನ ಇಲ್ಲ ಗುರುವೇ.”

“ಒಂದ ದಿನಾನೂ ಬಿಟ್ಟಿಲ್ರಿ,” ಅಂದುಬಿಟ್ಟ ವೀರಭದ್ರಪ್ಪ. ಸಿಟ್ಟಿನಲ್ಲಿ ಬಂದ ಮಾತು. ಆದರೆ ಬಂತು.

ಅವತ್ತು ವಾಪಸು ಹೋಗುವಾಗ ವಿಶ್ವೇಶ್ವರ ಮುಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಬಿಡಿಸಿ ಹೇಳಿದರು. ಒಂದು ಯಾರ್ಡಿನ ಲೆಕ್ಕ ಇಡೀ ದೇಶಕ್ಕೆ ಸಾಕ್ಷಿಯಾಗಲ್ಲ, ಆದರೆ ಎಲ್ಲ ಥರದ ಸರಕು ಅದರ ಮೇಲೆ ಕೂರುವುದರಿಂದ ನೋಡುವ ಯೋಗ್ಯತೆ ಇದೆ. ಬರೀ ಬೀಳುವಾಗ ಮಾತ್ರ ಅಲ್ಲ, ಏಳುವಾಗಲೂ ಮುಂಚೆ ಏಳಬೇಕು. ಸುಮ್ಮಸುಮ್ಮನೆ ಹೆದರಿಸಬಾರದು. ಕೊನೆಗೆ ಇಳಿಯುವಾಗ ಬಾಗಿಲು ಹಿಡಿದುಕೊಂಡು ಹೇಳಿದರು:

“ಶ್ರೀಕಂಠನ ಮಾತಿಗೆ ತಲೆ ಕೆಡಿಸಿಕೋಬೇಡ. ಖಾಲಿ ಇದ್ದರೆ ಖಾಲಿ ಬಿಡು. ಸರ್ಕಾರದೋರೇ ಅಂಕಿ ತಿದ್ದುತಾರೆ, ತಿದ್ದಿದ್ದೀವಿ ಅಂತ ಬರೆದು ತಿದ್ದುತಾರೆ. ತಿದ್ದೋದು ತಪ್ಪಲ್ಲ ಕಣಯ್ಯ, ಮುಚ್ಚಿಡೋದು ತಪ್ಪು.”

ಇಷ್ಟು ಬಿಡಿಸಿ ಹೇಳಿದ್ದರು. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ. ರಾಜೇಶ್ವರಿ ಶಿಫ್ಟಿಗೆ ಹೋಗಿದ್ದಳು. ವೀರಭದ್ರಪ್ಪ ನೋಟುಬುಕ್ಕು ತೆಗೆದ. ಎರಡು ಸಾವಿರದ ಇಪ್ಪತ್ತೆರಡರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಹಾಳೆ ಬೋಳು. ಒಂಬತ್ತು ವಾರ. ಮೊಳೆ ಹೊಡೆಯುವ ಮಷೀನಿನ ಮೊಳೆ ಎಡಗೈಯ ಅಂಗೈ ತೂರಿ ಹೋಗಿ ಮನೆಯಲ್ಲಿ ಬಿದ್ದಿದ್ದ ಕಾಲ ಅದು. ಆಮೇಲೆ ಡಿಸೆಂಬರಿನಲ್ಲಿ ಕೆಲಸಕ್ಕೆ ಹೋದಾಗ ಲೆಕ್ಕ ಕೆಳಗೆ ಬಿದ್ದಿತ್ತು. ಎಲ್ಲಿಂದ ಬೀಳಲು ಶುರುವಾಯಿತು? ಯಾರಿಗೆ ಗೊತ್ತು! ತಾನು ಮೊದಲೇ ಕಂಡಿದ್ದೆ ಅಂತ ತೋರಿಸಬೇಕಾದದ್ದು ಸರಿಯಾಗಿ ಅಲ್ಲೇ, ಆ ಬೋಳು ಹಾಳೆಯಲ್ಲೇ.

ರಾಜೇಶ್ವರಿ ಹಳೇ ಗೋಡೆ ಕ್ಯಾಲೆಂಡರು ಬಿಸಾಡುವವಳಲ್ಲ, ತನ್ನ ಶಿಫ್ಟು ಅದರಲ್ಲೇ ಬರೆದಿಡುತ್ತಾಳೆ. ಪ್ರತಿ ವರ್ಷ ಊರಿನಿಂದ ತಮ್ಮ ಕಳಿಸುವ ಕನ್ನಡ ಕ್ಯಾಲೆಂಡರು. ಡ್ರಾಯರಿನಿಂದ ಆ ವರ್ಷದ್ದು ತೆಗೆದು ಎದುರಿಗೆ ಇಟ್ಟುಕೊಂಡ. ಶನಿವಾರ, ಭಾನುವಾರ, ಕೆಂಪು ತಾರೀಖು ಬಿಟ್ಟು ಉಳಿದದ್ದಕ್ಕೆ ಅಂಕಿ ತುಂಬಿದ. ಸಾವಿರದ ಇನ್ನೂರು. ಸಾವಿರದ ನೂರ ಎಪ್ಪತ್ತು. ಸಾವಿರದ ನೂರು. ಮೆಲ್ಲಗೆ ಇಳಿಸುತ್ತ ಬಂದ, ಬುದ್ಧಿವಂತನ ಹಾಗೆ ನಡುವೆ ಒಂದೊಂದು ದಿನ ಏರಿಸಿದ. ಮೂರು ಬೇರೆ ಬೇರೆ ಪೆನ್ನು ಬಳಸಿದ. ಏಳನೇ ಇಯತ್ತೆಯ ಪರೀಕ್ಷೆಗೂ ಅಷ್ಟು ಮನಸ್ಸಿಟ್ಟು ಕೂತವನಲ್ಲ.

ಮಗಳು ನಿಧಿ ನೀರು ಕುಡಿಯಲು ಬಂದವಳು ಹಿಂದೆ ನಿಂತು ನೋಡಿದಳು. ಹದಿನಾರು ವರ್ಷ, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

“ಅಪ್ಪಾ, ದಟ್ಸ್ ದ ಇಯರ್ ಆಫ್ ಯುವರ್ ಹ್ಯಾಂಡ್. ಯು ವರ್ ಹೋಮ್. ಐ ಯೂಸ್ಡ್ ಟು ಬಟನ್ ಯುವರ್ ಶರ್ಟ್.”

“ನಿನ್ನ ಕೆಲಸ ನೀ ನೋಡ!”

“ಬಟ್ ಯು ಆರ್ ಮೇಕಿಂಗ್ ಇಟ್ ಅಪ್.”

ಅವನು ಮೇಜು ಗುದ್ದಿ ಎದ್ದ ರೀತಿಗೆ ಹುಡುಗಿಯ ಕೈಯ ನೀರು ಚೆಲ್ಲಿತು. ಹೊಡೆಯಲಿಲ್ಲ. ಆದರೆ ತನ್ನ ಶರ್ಟಿನ ಗುಂಡಿ ಹಾಕಿದ ಕೈಗೆ “ಬಾಯಿ ಮುಚ್ಚು, ನಿನ್ನ ಇಂಗ್ಲಿಷ್ ಶಾಣ್ಯಾತನ ನನ್ನ ಮುಂದ ಬ್ಯಾಡ” ಅಂದ. ಅವಳು ಚೆಲ್ಲಿದ ನೀರು ಒರೆಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ನೋಟುಬುಕ್ಕಿನ ಸುದ್ದಿ ಅವಳು ಎತ್ತಿಲ್ಲ.

ನೋಟುಬುಕ್ಕು ವಿಶ್ವೇಶ್ವರ ಅವರ ಕೈ ಸೇರಿತು. ಚಳಿಗಾಲವೆಲ್ಲ ಅವರು ಅದರ ಮೇಲೆ ಕೂತರು. ವಾರಕ್ಕೊಂದು ಫೋನು. “ಕ್ರಿಸ್ಮಸ್ ಹೊತ್ತಿಗೆ ಪ್ರತಿ ವರ್ಷ ಬೀಳೋದನ್ನ ಬೇರೆ ತೆಗೀಬೇಕು ಕಣಪ್ಪ, ಅದು ಹಬ್ಬದ ಇಳಿತ, ನಿಜವಾದ ಇಳಿತ ಅಲ್ಲ.” ಇನ್ನೊಂದು ದಿನ, “ವೀರಭದ್ರಪ್ಪ, ಇಪ್ಪತ್ತೆರಡರ ಶರತ್ಕಾಲ ನೋಡು! ಏನು ಚೆನ್ನಾಗಿ ತಿರುಗಿದೆ!” ಅಂತ ಮಗುವಿನ ಥರ ಕೂಗಿದರು. ವೀರಭದ್ರಪ್ಪ “ಹೌದೇನ್ರಿ” ಅಂದ.

ಫೆಬ್ರವರಿಯಲ್ಲಿ ಯಾರ್ಡು ನೋಡಬೇಕು ಅಂತ ಹಟ ಹಿಡಿದು ಬಂದರು. ಮಂಕಿ ಟೋಪಿ, ಮೇಲೊಂದು ಹೆಲ್ಮೆಟ್ಟು. ಗುಡ್ಡೆ ಹಾಕಿದ ಸ್ಕಿಡ್‌ಗಳ ಮಧ್ಯೆ ನಿಂತು, ಬಾಗಿದ ಮೊಳೆಯೊಂದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು. “ನಲವತ್ತು ವರ್ಷ ಅಂಕಿ ನೋಡಿದೆ. ಅಂಕಿ ಹುಟ್ಟೋ ಜಾಗ ಇವತ್ತು ನೋಡಿದ್ದು,” ಅಂದರು. ಫೋರ್‌ಲಿಫ್ಟ್ ಓಡಿಸುವ ಪಂಜಾಬಿ ವಿಕ್ರಮ್ ಹತ್ತಿರ ಹೋಗಿ ವೀರಭದ್ರಪ್ಪನ ಭುಜ ತಟ್ಟಿ, “ದಿಸ್ ಮ್ಯಾನ್ ಈಸ್ ಮೈ ಕೊಲೀಗ್” ಅಂತ ಪರಿಚಯ ಮಾಡಿಕೊಟ್ಟರು. ವಿಕ್ರಮ್ “ಅರೆ ವಾಹ್, ಪ್ರೊಫೆಸರ್ ಸಾಬ್!” ಅಂತ ವೀರಭದ್ರಪ್ಪನಿಗೆ ಸಲಾಮು ಹೊಡೆದ. ಯಾರ್ಡಿನಲ್ಲಿ ಅವನ ಹೆಸರು ಅದೇ ಆಗಿಹೋಯಿತು. ಇವತ್ತಿಗೂ ಅದೇ. ಕರೆದಾಗಲೆಲ್ಲ ಕೆನ್ನೆಗೆ ಹೊಡೆದ ಹಾಗಾಗುತ್ತದೆ.

ಮಾರ್ಚಿ ಸಭೆ ಬಂತು. ಕಮ್ಯುನಿಟಿ ಸೆಂಟರಿನ ಹಾಲು, ಅರವತ್ತು ಜನ. ರಾಜೇಶ್ವರಿ ರಜೆ ಹಾಕಿ, ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಗಂಡನ ಹೆಸರು ಮೈಕಿನಲ್ಲಿ ಬರುತ್ತದಲ್ಲ! ನಿಧಿ ಬರಲಿಲ್ಲ, ಪರೀಕ್ಷೆ ಅಂದಳು.

ವಿಶ್ವೇಶ್ವರ ನಾಲ್ಕು ಸೂಚಕ ವಿವರಿಸಿದರು. ಗೋಡೆಯ ಮೇಲೆ ಗೆರೆ ಏರಿತು, ಇಳಿಯಿತು. ಆಮೇಲೆ ನೀರು ಕುಡಿದು ಕನ್ನಡಕ ಒರೆಸಿಕೊಂಡರು.

“ಐದನೆಯದು ಒಂದು ಇಟ್ಟುಕೊಂಡಿದ್ದೆ. ನಿನ್ನೆ ಹಿಂದಕ್ಕೆ ತಗೊಂಡೆ. ಒಂಬತ್ತು ವಾರದ ಅಂಕಿ ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ತಪ್ಪು ನನ್ನದು. ನಾಲ್ಕಕ್ಕೇ ನಿಲ್ಲಿಸ್ತೀನಿ.”

ಶ್ರೀಕಂಠ ಮುಂದಿನ ಸಾಲಿನಿಂದ, “ವಯಸ್ಸಾಯ್ತು ಸಾರ್, ಎಕ್ಸೆಲ್ಲು ಕೈ ಕೊಡ್ತು ಅನ್ನಿ!” ಅಂದ. ಹಾಲು ನಕ್ಕಿತು. ವಿಶ್ವೇಶ್ವರ ಅವರೂ ನಕ್ಕರು, ತಲೆ ಅಲ್ಲಾಡಿಸಿದರು, ಹೌದು ಅನ್ನುವ ಹಾಗೆ.

ವೀರಭದ್ರಪ್ಪ ಹಿಂದೆ ಚಹಾದ ಮೇಜಿನ ಹತ್ತಿರ ಇದ್ದ. ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಎಡಗೈಯ ಗಾಯದ ಕಲೆ ಮುಟ್ಟಿಕೊಂಡಿತು. ಎದ್ದು ಹೇಳಲು ಒಂದೇ ಮಾತು ಬೇಕಿತ್ತು. ರಾಜೇಶ್ವರಿ ತಿರುಗಿ ಅವನನ್ನು ಹುಡುಕಿದಳು. ಅವನು ಬಗ್ಗಿ ಕಪ್ಪು ಎಣಿಸಿದ.

ಸಭೆ ಮುಗಿದ ಮೇಲೆ ರಾಜೇಶ್ವರಿ ಗೆಳತಿಯ ಕಾರಿನಲ್ಲಿ ಹೋದಳು. ವ್ಯಾನಿನಲ್ಲಿ ಇವನು, ವಿಶ್ವೇಶ್ವರ. ಹೊರಗೆ ಕರಗುತ್ತಿರುವ ಹಿಮ, ಕೆಸರು. ಅವರು ಮಡಿಲಲ್ಲಿ ನೋಟುಬುಕ್ಕು ತೆರೆದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

“ವೀರಭದ್ರಪ್ಪ, ನಿಮ್ಮ ಯಾರ್ಡಿಗೆ ರಾಜ್ಯೋತ್ಸವದ ರಜೆ ಇತ್ತೇನಪ್ಪ?”

ಅವನಿಗೆ ಅರ್ಥವಾಗಲಿಲ್ಲ.

“ನವೆಂಬರ್ ಒಂದು, ರಜೆ. ಆಯುಧಪೂಜೆ, ರಜೆ. ವಿಜಯದಶಮಿ, ರಜೆ. ಬಲಿಪಾಡ್ಯಮಿ, ಕನಕದಾಸ ಜಯಂತಿ, ಎಲ್ಲ ರಜೆ. ಅಕ್ಟೋಬರ್ ಹತ್ತು, ಥ್ಯಾಂಕ್ಸ್‌ಗಿವಿಂಗ್ ಸೋಮವಾರ, ಇಡೀ ಒಂಟಾರಿಯೋ ಬಾಗಿಲು ಹಾಕಿಕೊಂಡಿದ್ದ ದಿನ, ನಿಮ್ಮಲ್ಲಿ ಸಾವಿರದ ನೂರ ನಲವತ್ತು ಸ್ಕಿಡ್ ಹೊರಗೆ ಹೋಗಿದೆ.”

ಕೆಂಪು ತಾರೀಖು. ಕ್ಯಾಲೆಂಡರಿನ ಕೆಂಪು ತಾರೀಖು! ಕರ್ನಾಟಕ ಸರ್ಕಾರದ ರಜೆಯನ್ನೆಲ್ಲ ಒಶಾವಾ ಪಕ್ಕದ ಯಾರ್ಡಿಗೆ ಕೊಟ್ಟು ಬಂದಿದ್ದ. ಎಷ್ಟೋ ವರ್ಷ ಆಯುಧಪೂಜೆ ದಿನ ಇದೇ ಕೈಯಲ್ಲಿ ಮೊಳೆ ಹೊಡೆದಿದ್ದವನಿಗೆ, ಅಂಕಿ ತುಂಬುವ ಹೊತ್ತಿಗೆ ಒಂದು ಸಲವೂ ಹೊಳೆಯಲಿಲ್ಲ.

ಅಳಬೇಕಿತ್ತು, ಕಾಲು ಹಿಡಿಯಬೇಕಿತ್ತು. ಅವನು ಮಾಡಿದ್ದು ಏನು? ಕಿರುಚಿದ.

“ನಿಮಗ ಬರೇ ತಪ್ಪು ಹುಡುಕೋದ ಕೆಲಸೇನ್ರಿ? ಓದಿದ ಮಂದಿ ನೀವು, ನಮ್ಮಂಥವ್ರನ್ನ ಆಟಕ್ಕ ಇಟ್ಕೊಂಡೀರಿ! ಕೊಲೀಗಂತ, ಕೊಲೀಗ! ಕೈಗೆ ಮೊಳೆ ಹೊಕ್ಕೊಂಡು ಬಿದ್ದಿದ್ದೆ ನಾ, ಯಾವ ಮಗಾ ಬಂದು ನೋಡಿದ? ನಿಮ್ಮ ಐದನೇದು ನನಗೇನು ಬೇಕಾಗಿಲ್ರಿ!”

ವಿಶ್ವೇಶ್ವರ ನೋಟುಬುಕ್ಕು ಮುಚ್ಚಿ ಕೋಟಿನ ಒಳಗಿಟ್ಟುಕೊಂಡರು. ಆಮೇಲೆ, “ಇಲ್ಲೇ ನಿಲ್ಲಿಸು. ನಡಕೊಂಡು ಹೋಗ್ತೀನಿ,” ಅಂದರು.

ಯಂಗ್ ಸ್ಟ್ರೀಟಿನ ತಿರುವು. ಅವರ ಮನೆ ಇನ್ನೂ ಮುಕ್ಕಾಲು ಮೈಲಿ. ಅವನು ನಿಲ್ಲಿಸಿದ. ಎಪ್ಪತ್ತೆಂಟರ ಮನುಷ್ಯ ಆ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಹೋಗುವುದನ್ನು ಕನ್ನಡಿಯಲ್ಲಿ ನೋಡಿದ. ನೋಡಿಯೂ ಗಾಡಿ ಬಿಟ್ಟುಕೊಂಡು ಹೊರಟ.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೇ ತಿಂಗಳಲ್ಲಿ ಗಂಡ ಹೆಂಡತಿ ಮಗಳ ಮನೆಗೆ, ಹ್ಯಾಲಿಫ್ಯಾಕ್ಸಿಗೆ ಹೋದರು ಅಂತ ಗೊತ್ತಾಯಿತು. ಜೂನಿನಲ್ಲಿ ಒಂದು ಲಕೋಟೆ ಬಂತು. ಒಳಗೆ ನೀಲಿ ನೋಟುಬುಕ್ಕು. ಆ ಒಂಬತ್ತು ವಾರದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ “ಮಾಹಿತಿ ಇಲ್ಲ” ಅಂತ ಬರೆದಿತ್ತು. ಅವನ ಸುಳ್ಳಂಕಿಗಳನ್ನು ಹೊಡೆದು ಹಾಕಿರಲಿಲ್ಲ. ಜೊತೆಗೊಂದು ಕಾಗದ.

“ವೀರಭದ್ರಪ್ಪನವರಿಗೆ ನಮಸ್ಕಾರ. ಆ ಒಂಬತ್ತು ವಾರ ಬಿಟ್ಟು ಮತ್ತೆ ಲೆಕ್ಕ ಹಾಕಿದೆ. ನಿಮ್ಮ ಸ್ಕಿಡ್ಡು ಡಿಸೆಂಬರಿನಲ್ಲಿ ಬಿದ್ದದ್ದು ನಿಜ. ನೀವು ಹೇಳಿದ ಶಿಫ್ಟು ಕಡಿತ ಬಂದದ್ದು ಮುಂದಿನ ಏಪ್ರಿಲಿನಲ್ಲಿ. ಹಿಂದಿನ ಏರಿಳಿತದಲ್ಲೂ ಸರಿಯಾಗಿದೆ. ಖಾಲಿ ಬಿಟ್ಟಿದ್ದರೂ ಪಾಸಾಗುತ್ತಿತ್ತು ಕಣಪ್ಪ. ಕೂಟದಲ್ಲಿ ನೀವೇ ಎದ್ದು ಆ ವಾರಗಳು ಖಾಲಿ ಅಂತ ಹೇಳಿ. ಬೇರೇನೂ ಹೇಳಬೇಡಿ, ಅಷ್ಟು ಸಾಕು. ಮರುದಿನವೇ ಐದನೆಯದನ್ನು ಸೇರಿಸುತ್ತೇನೆ. ಮೊಳೆ ನನ್ನ ಮೇಜಿನ ಮೇಲಿದೆ.”

ಓದಿ ಅವನು ವ್ಯಾನಿನಲ್ಲೇ ಕೂತುಬಿಟ್ಟ. ಖಾಲಿ ಬಿಟ್ಟಿದ್ದರೂ ಪಾಸು. ಸುಳ್ಳು ಬೇಕಾಗೇ ಇರಲಿಲ್ಲ. ನಿಧಿಯ ಕೈಯ ನೀರು ಚೆಲ್ಲಿಸಬೇಕಾಗಿರಲಿಲ್ಲ. ಆ ಮನುಷ್ಯನನ್ನು ಕೆಸರಿಗೆ ಇಳಿಸಬೇಕಾಗಿರಲಿಲ್ಲ.

ಫೋನು ಮಾಡಲು ಎಷ್ಟೋ ಸಲ ನಂಬರು ಒತ್ತಿದ. ರಿಂಗಾಗುವ ಮೊದಲೇ ಕಟ್ ಮಾಡಿದ. ಮುಂದಿನ ಶನಿವಾರ ಎದ್ದು ಹೇಳುತ್ತೇನೆ ಅಂದುಕೊಂಡ. ಎದುರಿಗೆ ಶ್ರೀಕಂಠನ ಮುಖ ಕಂಡಿತು, ಆ ಹದಿನೈದು ನಗು ಕೇಳಿಸಿತು. ಬೇಸಿಗೆ ಹೋಯಿತು. ಎಲೆ ಉದುರಿತು.

ನವೆಂಬರಿನ ಎರಡನೇ ಶನಿವಾರ ಡಬರಿ ಇಳಿಸುವಾಗ ಶ್ರೀಕಂಠ ಬಾಗಿಲಲ್ಲೇ ಹೇಳಿದ. “ವಿಶ್ವೇಶ್ವರ ಸಾರ್ ಹೋಗಿಬಿಟ್ರು ಕಣಪ್ಪ. ಗುರುವಾರ. ನಿದ್ದೇಲೇ.”

ಒಂದು ನಿಮಿಷ ಎಲ್ಲರೂ ಎದ್ದು ನಿಂತರು. ಗೋಡೆಯ ಸ್ಕ್ರೀನಿನಲ್ಲಿ ಹ್ಯಾಲಿಫ್ಯಾಕ್ಸಿನಿಂದ ಅವರ ಹೆಂಡತಿ ಅರುಂಧತಿ ಕಾಣಿಸಿದರು. ಶ್ರೀಕಂಠ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. “ಎಂಥ ಶಿಸ್ತಿನ ಮನುಷ್ಯ! ಇಡೀ ಜನ್ಮದಲ್ಲಿ ಒಂದೇ ಒಂದು ಲೆಕ್ಕ ತಪ್ಪಿದ್ದು, ಹೋದ ಮಾರ್ಚಿಯಲ್ಲಿ. ಆಗಲೇ ನಾವು ಅರ್ಥ ಮಾಡಿಕೋಬೇಕಿತ್ತು, ಸಾರ್ ದಣಿದಿದ್ದಾರೆ ಅಂತ.” ಎಲ್ಲರೂ ತಲೆದೂಗಿದರು.

ಆಮೇಲೆ ಅರುಂಧತಿ ಕೇಳಿದರು. “ವೀರಭದ್ರಪ್ಪ ಇದ್ದಾರೇನು? ನಮ್ಮನೆಯವರು ಕೊನೇವರೆಗೂ ವಿಚಾರಿಸ್ತಾ ಇದ್ರು. ಫೋನ್ ಬಂತಾ ಅಂತ. ವೀರಭದ್ರಪ್ಪ ಏನೋ ಹೇಳೋದಿದೆ ಅಂತಿದ್ರು.”

ಹದಿನೈದು ಮುಖ ಹಿಂದಕ್ಕೆ ತಿರುಗಿದವು. ಯಾರೂ ನಗುತ್ತಿರಲಿಲ್ಲ. ವೀರಭದ್ರಪ್ಪ ಎದ್ದ. ನೋಟುಬುಕ್ಕು ಜಾಕೀಟಿನ ಒಳಜೇಬಿನಲ್ಲೇ ಇತ್ತು. ಬಾಯಿ ತೆರೆದ.

“ಇಲ್ರಿ ಅಮ್ಮಾರ,” ಅಂದ. “ಹಂಗೇನಿಲ್ರಿ. ದೊಡ್ಡ ಮನುಷ್ಯಾರು ಅವರು.”

ಅರುಂಧತಿ ಇನ್ನೂ ಕಾಯುವವರ ಹಾಗೆ ಸ್ಕ್ರೀನಿನಲ್ಲಿ ನೋಡುತ್ತಲೇ ಇದ್ದರು. ಶ್ರೀಕಂಠ ಮೆಲ್ಲಗೆ, ಈ ಸಲ ಚುಚ್ಚದೆ, “ಚಹಾ ಕೊಡಪ್ಪ ಎಲ್ಲರಿಗೂ” ಅಂದ. ವೀರಭದ್ರಪ್ಪ ಬಗ್ಗಿ ಕಪ್ಪು ಎಣಿಸಿದ. ವಿಶ್ವೇಶ್ವರ ಅವರು ಬರುವುದು ನಿಂತ ಮೇಲೂ ಅವರದೂ ಸೇರಿಸಿ ಹದಿನಾರೇ ಇಡುತ್ತಿದ್ದ, ಇವತ್ತೂ ಹದಿನಾರು ಇಟ್ಟಿದ್ದ. ಒಂದನ್ನು ತೆಗೆದು ಪಕ್ಕಕ್ಕಿಟ್ಟ.